ದೊಡ್ಡಕ್ಷರದ ಮೇಲಿನ ಗೀಟು

ಭಾನುವಾರ ಮನೆ ಗುಂಪಿನಲ್ಲಿ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. 'ಫ್ರೆಂಚರು ದೊಡ್ಡಕ್ಷರಗಳ (ಕ್ಯಾಪಿಟಲ್) ಮೇಲಿನ ಗೀಟು, ಅಂದರೆ ಆಕ್ಸೆಂಟ್ ಗುರುತು, ರದ್ದು ಮಾಡಿದ್ದಾರೆ. ಭಾಷೆ ಸಾಯುವುದು ಹೀಗೆ. ಎಲ್ಲರಿಗೂ ಕಳಿಸಿ.' ಕೆಳಗೆ ಅವರದೇ ಸಾಲು: 'ಅವರಿಗೇ ಬೇಡವಾದದ್ದನ್ನು ನಮ್ಮ ಮಗು ಕಲಿಯುತ್ತಿದೆ. ಅದೂ ಕನ್ನಡ ಬಿಟ್ಟು.'

ಮಾತು ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಚಿಕ್ಕಮ್ಮನ ಮಗಳು ಶಾಲೆಯಲ್ಲಿ ಫ್ರೆಂಚ್ ತಗೊಂಡಾಗಿನಿಂದ ಈ ಮುನಿಸು ಇದೆ.

ಚಿಕ್ಕಮ್ಮ: ಅಂಕ ಜಾಸ್ತಿ ಬರುತ್ತೆ ಅಂತ ತಗೊಂಡಿದ್ದು ಭಾವ. ಆವತ್ತು ನೀವೂ ಇದ್ರಿ. ಏನೂ ಹೇಳಲಿಲ್ಲ.

ಮಾವ: ಇದನ್ನ ಹೇಳಿದ್ದು ಯಾರು? ಯಾವಾಗ? ಮೂಲ ಕೊಡಿ.

ದೊಡ್ಡಪ್ಪ: ನಿಮಗೆ ಎಲ್ಲಕ್ಕೂ ಮೂಲ ಬೇಕು. ಮನೆ ಪಾಲಾಗುವಾಗಲೂ ಹೀಗೇ ಪತ್ರ ಪತ್ರ ಅಂತಿದ್ರಿ.

ಮಾವ: ಪತ್ರ ಕೇಳಿದ್ದಕ್ಕೇ ಅಲ್ವಾ ಹಿತ್ತಲು ಉಳಿದಿದ್ದು?

ಅಷ್ಟರಲ್ಲಿ ಫ್ರಾನ್ಸಿನ ಲಿಯಾನಿನಿಂದ ನಮ್ಮಕ್ಕ ಬರೆದಳು.

ಅಕ್ಕ: ದೊಡ್ಡಪ್ಪ, ಇದು ಸುಳ್ಳು. ಫ್ರೆಂಚ್ ಭಾಷೆ ಹೇಗಿರಬೇಕು ಅಂತ ಹೇಳುವ ಸಂಸ್ಥೆ ಫ್ರೆಂಚ್ ಅಕಾಡೆಮಿ. ಅದು ಹೇಳುವುದೇ ಉಲ್ಟಾ. ದೊಡ್ಡಕ್ಷರಕ್ಕೂ ಗೀಟು ಬೇಕು. ಟೈಪ್‌ರೈಟರಿನಲ್ಲಿ ಗೀಟಿರುವ ದೊಡ್ಡಕ್ಷರ ಹೊಡೆಯೋದು ಕಷ್ಟ ಇತ್ತು, ಜನ ಬಿಟ್ಟರು. ಆಮೇಲೆ ಅದನ್ನೇ ನಿಯಮ ಅಂದುಕೊಂಡರು. ಪತ್ರಿಕೆಯ ತಲೆಬರಹ ಪೂರ್ತಿ ದೊಡ್ಡಕ್ಷರದಲ್ಲಿದೆ ಅಂದ್ಕೊಳ್ಳಿ. ಪೊಲೀಸ್ ಪದದ ಮುಂದೆ ಟಿ, ಯು, ಇ ಅಂತಿದ್ದರೆ ಪೊಲೀಸ್ ಕೊಲ್ಲುತ್ತಾನೆ. ಕೊನೆಯ ಇ ಮೇಲೆ ಗೀಟಿದ್ದರೆ ಸತ್ತವನೇ ಪೊಲೀಸ್. ಇದನ್ನ ಹೇಗೆ ರದ್ದು ಮಾಡ್ತಾರೆ?

ಇಷ್ಟು ಚೆನ್ನಾಗಿ ಬರೆದದ್ದನ್ನು ಯಾರೂ ಓದಲಿಲ್ಲ. ನನಗೆ ನಿಜವಾಗಿ ಬೇಸರವಾಯಿತು.

ಅತ್ತೆ: ಟೈಪ್‌ರೈಟರ್ ಅಂದ್ರೆ ಅಪ್ಪಂದು ನೆನಪಾಗುತ್ತೆ. ರಿಬ್ಬನ್ ಹಾಕಿದ ದಿನ ಪಂಚೆಗೆಲ್ಲ ಮಸಿ. ಅದು ಈಗ ಯಾರ ಮನೇಲಿದೆ?

ದೊಡ್ಡಪ್ಪ: ನನ್ನ ಹತ್ರ ಇಲ್ಲ.

ಅತ್ತೆ: ನಿನ್ನ ಹತ್ರ ಇದೆ ಅಂತ ನಾನು ಹೇಳಿದ್ನಾ ಅಣ್ಣ?

ಮಧ್ಯಾಹ್ನದವರೆಗೂ ಅದೇ ನಡೆಯಿತು. ಆಮೇಲೆ ಮಾವ ಮತ್ತೆ ಶುರು ಮಾಡಿದರು.

ಮಾವ: ಹಾಗಾದ್ರೆ ಈ ಸುದ್ದಿ ಎಲ್ಲಿಂದ ಬಂತು?

ಅಕ್ಕ: 2016ರಲ್ಲಿ ಇಲ್ಲಿ ದೊಡ್ಡ ಗಲಾಟೆ ಆಗಿತ್ತು. 1990ರ ಕಾಗುಣಿತ ಸುಧಾರಣೆ ಪಠ್ಯಪುಸ್ತಕಕ್ಕೆ ಬರುತ್ತೆ ಅಂತಾಯಿತು. ಐ, ಯು ಮೇಲೆ ಹಾಕುವ ಟೋಪಿಯಾಕಾರದ ಗುರುತನ್ನು ಕೆಲವು ಪದಗಳಲ್ಲಿ ಬಿಡಬಹುದು ಅಂತ ಅದರಲ್ಲಿದೆ. ಜನ ಟೋಪಿಯೇ ಹೋಯ್ತು ಅಂತ ಕೂಗಾಡಿದರು. ಅಂಥದ್ದೇ ಏನೋ ಸುತ್ತಿ ಬಂದಿರಬೇಕು.

ಆಗ ಚಿಕ್ಕಮ್ಮ ಮಗಳ ಉತ್ತರಪತ್ರಿಕೆಯ ಫೋಟೋ ಹಾಕಿದರು. ಸೋಮವಾರ, ಜನವರಿ ಎರಡೂ ಪದದ ಮೊದಲ ಅಕ್ಷರಕ್ಕೆ ಕೆಂಪು ಸುತ್ತು. ಕೆಳಗೆ, ವಾಕ್ಯದ ಮೊದಲಿಗೇ ಬಂದ 'ಎಕೋಲ್' (ಶಾಲೆ) ಪದದ ದೊಡ್ಡ ಇ ಮೇಲಿನ ಗೀಟನ್ನೂ ಹೊಡೆದು ಹಾಕಿದ್ದರು.

ಅಕ್ಕ: ವಾರ, ತಿಂಗಳು ಚಿಕ್ಕಕ್ಷರದಲ್ಲೇ ಬರೀಬೇಕು. ಭಾಷೆಯ ಹೆಸರೂ ಅಷ್ಟೇ. ಫ್ರೆಂಚ್ ಮನುಷ್ಯ ಅನ್ನುವಾಗ ಮಾತ್ರ ದೊಡ್ಡದು. ಅಲ್ಲಿ ಅಂಕ ಕಳೆದದ್ದು ಸರಿ. ಆದರೆ ಎಕೋಲ್ ಮೇಲಿನ ಗೀಟು ಮಗು ಹಾಕಿದ್ದೇ ಸರಿ ಚಿಕ್ಕಮ್ಮ. ಆ ಅಂಕ ಅವಳದು.

ದೊಡ್ಡಪ್ಪ: ಮೇಷ್ಟ್ರಿಗೆ ಎದುರಾಡೋದು ಒಳ್ಳೆ ಅಭ್ಯಾಸ ಅಲ್ಲ.

ನಾನು: ಎದುರಾಡೋದಲ್ಲ ದೊಡ್ಡಪ್ಪ. ಅವಳು ಕಲಿತು ಬರೆದಿದ್ದಾಳೆ, ಅದನ್ನ ತಪ್ಪು ಅಂದ್ರೆ ಅವಳು ಇನ್ನು ಮುಂದೆ ಗೀಟು ಹಾಕೋದೇ ಬಿಡ್ತಾಳೆ. ಚಿಕ್ಕಮ್ಮ, ನೀವು ಹೋಗಿ ಕೇಳಿ.

ಚಿಕ್ಕಮ್ಮ: ನಾಳೆನೇ ಹೋಗ್ತೀನಿ. ಅಕಾಡೆಮಿಯವರು ಬರೆದದ್ದನ್ನ ಕಳಿಸು, ಪ್ರಿಂಟ್ ತಗೊಂಡು ಹೋಗ್ತೀನಿ.