ಪದಚರ್ಚೆ: ಪ್ರಪೋಸರ್, ಅಫಿಡವಿಟ್, ಕಂಟೆಸ್ಟಿಂಗ್ ಕ್ಯಾಂಡಿಡೇಟ್ – ನಾಳೆಯೊಳಗೆ ಬೇಕು

ತುಮಕೂರಿನ ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಲೋಕಸಭೆಗೆ ಮೊದಲ ಸಲ ನಿಲ್ಲುವವರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ದೊಡ್ಡ ಪಕ್ಷದ ಟಿಕೆಟ್ ಸಿಕ್ಕವರಿಗೆ ವಕೀಲರು, ಏಜೆಂಟರು ಎಲ್ಲ ಇರುತ್ತಾರೆ. ಇದು ಪಕ್ಷೇತರರಿಗೆ, ಸಣ್ಣ ಪಕ್ಷಗಳವರಿಗೆ. ಜೊತೆಗೆ ಗೋಡೆಗೆ ಅಂಟಿಸುವ ದೊಡ್ಡ ಹಾಳೆಯೂ ಒಂದಿದೆ. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು.

ಪ್ರಪೋಸರ್‌ಗೆ ‘ಸೂಚಕರು’ ಅಂತ ಹಾಕಿದ್ದೇನೆ. ನಿಲ್ಲುವವರ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು ಅವರು. ಓದಿ ನೋಡಿದ ಇಬ್ಬರು ಹುಡುಗರಿಗೆ ಅರ್ಥವಾಗಲಿಲ್ಲ. ಒಬ್ಬ ‘ಸೂಚ್ಯಂಕ ಇದ್ದ ಹಾಗಾ?’ ಅಂತ ಕೇಳಿದ. ಅಫಿಡವಿಟ್‌ಗೆ (ಆಸ್ತಿ, ಕೇಸುಗಳ ವಿವರ ಬರೆದು ಆಣೆ ಮಾಡಿ ಕೊಡುವ ಕಾಗದ) ‘ಪ್ರಮಾಣಪತ್ರ’ ಅಂದರೆ ಜಾತಿ ಪ್ರಮಾಣಪತ್ರದ ಜೊತೆ ಕಲಸಿಹೋಗುತ್ತದೆ. ವಿಜಯಪುರ, ಕಲಬುರಗಿ, ಚಿತ್ರದುರ್ಗ, ಚಾಮರಾಜನಗರ, ಕೋಲಾರ, ರಾಯಚೂರು, ಬಳ್ಳಾರಿ ಈ ಏಳು ಮೀಸಲು ಕ್ಷೇತ್ರಗಳಲ್ಲಿ ಎರಡೂ ಬೇಕು. ಒಂದೇ ಪಟ್ಟಿಯಲ್ಲಿ ಎರಡು ‘ಪ್ರಮಾಣಪತ್ರ’ ಬಂದರೆ ಓದುವವರು ಏನು ಮಾಡಬೇಕು?

ಮೂರನೆಯದು, ನಾಮಪತ್ರ ಕೊಟ್ಟವರೆಲ್ಲ ಅಭ್ಯರ್ಥಿಗಳೇ. ವಾಪಸ್ ಪಡೆಯುವ ದಿನ ಮುಗಿದ ಮೇಲೆ ಉಳಿದವರೂ (ಕಂಟೆಸ್ಟಿಂಗ್ ಕ್ಯಾಂಡಿಡೇಟ್) ಅಭ್ಯರ್ಥಿಗಳೇ. ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ. ಕನ್ನಡದಲ್ಲಿ ಬೇರೆ ಮಾಡುವುದು ಹೇಗೆ? ದಯವಿಟ್ಟು ಬೇಗ ತಿಳಿಸಿ.

ಹುಬ್ಬಳ್ಳಿಯಿಂದ, ಪತ್ರಿಕೆಯ ಡೆಸ್ಕಿನಲ್ಲಿದ್ದವರು:

ಸೂಚಕರು. ಅಫಿಡವಿಟ್. ಕಣದಲ್ಲಿ ಉಳಿದವರು. ಮುಗಿಯಿತು.

ಈ ಪದಗಳು ದಿನಾ ಅಚ್ಚಾಗುತ್ತವೆ, ಮೇಡಂ. ಇಬ್ಬರು ಹುಡುಗರಿಗೆ ಗೊತ್ತಿಲ್ಲ ಅಂತ ಇರುವ ಪದ ಬಿಡಬಾರದು. ಅವರಿಗೆ ಗೊತ್ತು ಮಾಡಿಸುವುದಕ್ಕೇ ಅಲ್ವಾ ಕೈಪಿಡಿ ಇರುವುದು?

ಬೆಂಗಳೂರಿನಿಂದ, ಅಚ್ಚಗನ್ನಡದವರು:

ಮುಗಿದಿಲ್ಲ. ‘ಸೂಚಕ’ ನಮ್ಮ ನುಡಿಯದ್ದಲ್ಲ, ಅದಕ್ಕೇ ಹುಡುಗರಿಗೆ ತಿಳಿಯಲಿಲ್ಲ. ತಿಳಿಯದ್ದು ಅವರ ತಪ್ಪಲ್ಲ, ಪದದ ತಪ್ಪು. ಹೆಸರನ್ನು ಮುಂದಿಡುವವರು ‘ಮುಂದಿಡುಗರು’. ಆಣೆ ಮಾಡಿ ಬರೆದುಕೊಡುವುದು ‘ಆಣೆಯೋಲೆ’. ಠೇವಣಿಗೆ ‘ಇಡುಗಂಟು’ ಇದೆ. ಅಭ್ಯರ್ಥಿ ಅಂದರೆ ಬೇಡುವವನು. ನಾಡನ್ನು ಆಳುವ ಕೂಟಕ್ಕೆ ಹೋಗಲು ನಿಂತವರನ್ನು ಬೇಡುವವರು ಅಂತ ಕರೆಯುವುದು ಸರಿಯೇ? ‘ಹುರಿಯಾಳು’ ಎನ್ನಿ. ಹುರಿ ಎಂದರೆ ಹೊಸೆದು ಗಟ್ಟಿ ಮಾಡಿದ್ದು. ಹುರಿಮೀಸೆ, ಹುರಿಗಟ್ಟಿದ ಮೈ ಅನ್ನುತ್ತೇವಲ್ಲ, ಅದೇ ಹುರಿ. ಸೆಣಸಲು ಗಟ್ಟಿಯಾಗಿ ನಿಂತ ಆಳು. ಸುದ್ದಿಹಾಳೆಗಳ ತಲೆಬರಹದಲ್ಲಿ ಈ ಪದ ಬರುತ್ತಲೇ ಇದೆ. ಒಳಗಿನ ಸುದ್ದಿಗೆ ಬರುವಾಗ ಮಾತ್ರ ಯಾಕೋ ‘ಅಭ್ಯರ್ಥಿ’ಯಾಗಿಬಿಡುತ್ತದೆ.

ಹುಬ್ಬಳ್ಳಿಯಿಂದ:

ತಲೆಬರಹದಲ್ಲಿ ಹುರಿಯಾಳು ಹಾಕಿದ್ದು ನಾವೇ. ಆಟಕ್ಕೆ, ಅಖಾಡಕ್ಕೆ, ಚುನಾವಣೆಗೆ ಎಲ್ಲದಕ್ಕೂ ಹೊಂದುತ್ತದೆ ಅಂತ ಹಾಕಿದೆವು. ಹಾಗೆ ಎಲ್ಲದಕ್ಕೂ ಹೊಂದುವ ಪದ ಕಾನೂನಿನ ಹಾಳೆಗೆ ಬರುವುದಿಲ್ಲ.

ಇನ್ನು ‘ಆಣೆಯೋಲೆ’. ಆಣೆ ಎಲ್ಲಿಂದ ಬಂತು ಅಂತ ನೋಡಿದ್ದೀರಾ? ‘ಆಜ್ಞೆ’ಯಿಂದ. ಪ್ರಾಕೃತದಲ್ಲಿ ಆಣಾ ಆಗಿ ನಮ್ಮಲ್ಲಿಗೆ ಬಂದ ತದ್ಭವ ಅದು. ಸಂಸ್ಕೃತ ಬೇಡ ಅಂತ ಹೊರಟು ಸಂಸ್ಕೃತದ ಮೊಮ್ಮಗುವನ್ನೇ ಕಟ್ಟಿದ್ದೀರಿ.

ಬೆಂಗಳೂರಿನಿಂದ:

ತದ್ಭವ ಕನ್ನಡದ ಬಾಯಿಗೆ ಒಗ್ಗಿದ ಪದ. ಒಗ್ಗಿಸಿಕೊಂಡದ್ದು ನಮ್ಮದು. ಒಗ್ಗಿಸಿಕೊಳ್ಳದೆ ಹಾಗೇ ತಂದು ಹೇರಿದ್ದು ನಮ್ಮದಲ್ಲ. ಇಷ್ಟು ಸಣ್ಣ ಮಾತು ಡೆಸ್ಕಿನಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಿವೃತ್ತ ಶಿರಸ್ತೇದಾರರು, ಚುನಾವಣಾ ಶಾಖೆಯಲ್ಲಿ ಕೆಲಸ ಮಾಡಿದವರು:

ಇಬ್ಬರೂ ಸ್ವಲ್ಪ ನಿಲ್ಲಿ. ಕೇಳಿದವರಿಗೆ ನಾಳೆ ಸಂಜೆಗೆ ಬೇಕು.

ಮೇಡಂ, ‘ಸೂಚಕರು’ ಬಿಡಬೇಡಿ. ನಾಮಪತ್ರ ಕೊಡಲು ಹೋದಾಗ ಮೇಜಿನ ಆಚೆ ಕೂತವರು ಕೇಳುವುದು ‘ಸೂಚಕರೆಲ್ಲಿ, ಮತದಾರರ ಪಟ್ಟಿಯಲ್ಲಿ ಸೂಚಕರ ಭಾಗದ ಸಂಖ್ಯೆ, ಕ್ರಮಸಂಖ್ಯೆ ಎಲ್ಲಿ’ ಅಂತಲೇ. ನಿಮ್ಮ ಪುಸ್ತಕದಲ್ಲಿ ಮುಂದಿಡುಗರು ಅಂತ ಓದಿಕೊಂಡು ಬಂದವರು ಅಲ್ಲಿ ತಬ್ಬಿಬ್ಬಾಗುತ್ತಾರೆ. ಪದ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಆದರೆ ಬರೀ ‘ಸೂಚಕರು’ ಅಂತ ಬಿಟ್ಟರೂ ಸಾಲದು. ‘ಸೂಚಕರು: ನಿಮ್ಮ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರು’ ಅಂತ ಮೊದಲ ಸಲ ಬಂದಾಗ ಬಿಡಿಸಿ ಹೇಳಿ. ಸಹಕಾರ ಸಂಘದ ಚುನಾವಣೆ ನೋಡಿದವರು ‘ಅನುಮೋದಕರು ಯಾರು?’ ಅಂತಲೂ ಕೇಳುತ್ತಾರೆ. ಅನುಮೋದಕರು ಅಂದರೆ ಸೂಚಿಸಿದ ಹೆಸರನ್ನು ಬೆಂಬಲಿಸಿ ಸಹಿ ಹಾಕುವವರು. ಲೋಕಸಭೆಗೆ ಅನುಮೋದಕರು ಬೇಡ, ಸೂಚಕರು ಮಾತ್ರ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬರು ಸಾಕು. ಪಕ್ಷೇತರರಿಗೆ, ಮಾನ್ಯತೆ ಇಲ್ಲದ ಪಕ್ಷದವರಿಗೆ ಹತ್ತು ಜನ ಬೇಕು. ನಿಮ್ಮ ಓದುಗರು ಆ ಹತ್ತರ ಗುಂಪಿನವರೇ ಅಲ್ವಾ?

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2024ರಲ್ಲಿ ಸೂರತ್ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು. ಸಹಿ ನಮ್ಮದಲ್ಲ ಅಂತ ಸೂಚಕರೇ ಹೇಳಿದ್ದರು. ಬದಲಿ ಅಭ್ಯರ್ಥಿಯ ನಾಮಪತ್ರವೂ ಹೋಯಿತು. ಮಿಕ್ಕವರು ಹಿಂದೆ ಸರಿದರು. ಬಿಜೆಪಿಯವರು ಅವಿರೋಧವಾಗಿ ಆಯ್ಕೆಯಾದರು. ಒಂದು ಮತವೂ ಬೀಳದೆ ಒಂದು ಲೋಕಸಭಾ ಸ್ಥಾನ ತೀರ್ಮಾನವಾಯಿತು.

ಅಫಿಡವಿಟ್ ಅಂತಲೇ ಇಡಿ. ನಮೂನೆ 26 ಅಂತ ಪಕ್ಕದಲ್ಲಿ ಹಾಕಿ. ನೋಟರಿ ಮುಂದೆ ಕೂತವರೂ ಅದನ್ನೇ ಅನ್ನುತ್ತಾರೆ, ಟೈಪ್ ಮಾಡಿಕೊಡುವವರೂ ಅದನ್ನೇ ಅನ್ನುತ್ತಾರೆ. ‘ಪ್ರಮಾಣಪತ್ರ’ದ ಗೋಜಲು ನೀವು ಹೇಳಿದ್ದಕ್ಕಿಂತ ಜಾಸ್ತಿ ಇದೆ. ನಾಮಪತ್ರ ಕೊಟ್ಟ ಮೇಲೆ ಸಂವಿಧಾನದ ಹೆಸರಿನಲ್ಲಿ ಪ್ರಮಾಣವನ್ನೂ ಸ್ವೀಕರಿಸಬೇಕು. ಅದು ಬೇರೆ. ಅಲ್ಲಿಗೆ ಜಾತಿಯದ್ದು, ಆಸ್ತಿ-ಕೇಸುಗಳದ್ದು, ನಿಷ್ಠೆಯದ್ದು ಅಂತ ಮೂರೂ ‘ಪ್ರಮಾಣ’ಗಳೇ ಆಗುತ್ತವೆ. ಒಂದನ್ನಾದರೂ ಬೇರೆ ಹೆಸರಿನಿಂದ ಕರೆಯದಿದ್ದರೆ ಜನ ಎರಡು ಮುಗಿಸಿ ಮೂರೂ ಆಯಿತು ಅಂದುಕೊಳ್ಳುತ್ತಾರೆ.

ಧಾರವಾಡದಿಂದ, ಕನ್ನಡ ಮೇಡಂ:

ಶಿರಸ್ತೇದಾರರ ಮಾತಿಗೆ ನನ್ನ ಒಪ್ಪಿಗೆ ಇದೆ. ಮೂರನೆಯ ಪ್ರಶ್ನೆಗೆ ಮಾತ್ರ ಇನ್ನೂ ಯಾರೂ ನೆಟ್ಟಗೆ ಉತ್ತರಿಸಿಲ್ಲ.

ನಮ್ಮಲ್ಲಿ ಬೇರೆ ಬೇರೆ ಪದಗಳು ಆಗಲೇ ಇವೆ. ಸುಮ್ನೆ ಒಂದರ ಮೇಲೊಂದು ಪೇರಿಸಿ ಎಲ್ಲಕ್ಕೂ ಒಂದೇ ಅರ್ಥ ಅಂದುಕೊಂಡಿದ್ದೇವೆ, ಅಷ್ಟೆ. ಪಕ್ಷದ ಕಚೇರಿಗೆ ಅಲೆಯುತ್ತಾ ಬಿ ಫಾರಂಗೆ ಕಾಯುತ್ತಿರುವವರು ಆಕಾಂಕ್ಷಿಗಳು. ಅವರನ್ನು ಯಾರೂ ಅಭ್ಯರ್ಥಿ ಅನ್ನುವುದಿಲ್ಲ. ನಾಮಪತ್ರ ಕೊಟ್ಟವರು ಉಮೇದುವಾರರು. ‘ಉಮೇದುವಾರಿಕೆ ಸಲ್ಲಿಸಿದರು’ ಅಂತ ಇವತ್ತಿಗೂ ಬರೆಯುತ್ತೇವೆ, ‘ಉಮೇದುವಾರಿಕೆ ಹಿಂತೆಗೆದುಕೊಂಡರು’ ಅಂತಲೂ ಬರೆಯುತ್ತೇವೆ. ಅಂದರೆ ಈ ಪದ ಕೊಡುವುದರ ಮತ್ತು ಹಿಂಪಡೆಯುವುದರ ನಡುವಿನ ಘಟ್ಟಕ್ಕೆ ತಾನಾಗಿಯೇ ಅಂಟಿಕೊಂಡಿದೆ. ವಾಪಸಾತಿ ಮುಗಿದ ಮೇಲೆ ಉಳಿದವರಿಗೆ ‘ಕಣದಲ್ಲಿರುವ ಅಭ್ಯರ್ಥಿ’ ಇರಲಿ. ಮತಯಂತ್ರದ ಮೇಲೆ ಹೆಸರು ಬರುವುದು ಅವರದ್ದೇ.

ಉಮೇದು ಪಾರಸಿಯಿಂದ ಬಂತು, ನಿಜ. ಬಂದು ಎಷ್ಟು ತಲೆಮಾರಾಯಿತು? ‘ಹುಡುಗ ಭಾಳ ಉಮೇದಿನಲ್ಲಿದ್ದಾನೆ’ ಅಂತ ನಮ್ಮ ಕಡೆ ಅಕ್ಷರ ಕಲಿಯದ ಅಜ್ಜಿಯೂ ಅನ್ನುತ್ತಾಳೆ. ಅಭ್ಯರ್ಥಿ ಅನ್ನುವುದು ಆ ಅಜ್ಜಿಯ ಬಾಯಲ್ಲಿ ಬರುವುದಿಲ್ಲ. ಮೈಸೂರಿನ ಕಡೆಯವರಿಗೆ ಉಮೇದುವಾರ ಹಳೇ ಕಚೇರಿ ಮಾತು ಅನ್ನಿಸಬಹುದು. ನಮಗೆ ಅದು ಮನೆಮಾತು.

ಹುಬ್ಬಳ್ಳಿಯಿಂದ:

ಇಲ್ಲಿ ಮಾತ್ರ ಒಪ್ಪುವುದಿಲ್ಲ, ಅಕ್ಕಾವರೇ. ಉಮೇದುವಾರ, ಅಭ್ಯರ್ಥಿ ಎರಡೂ ಸರ್ಕಾರಿ ಹಾಳೆಗಳಲ್ಲಿ ಒಂದೇ ಅರ್ಥದಲ್ಲಿ ಬರುತ್ತವೆ. ನೀವು ಹೊಸ ಗೆರೆ ಎಳೆಯುತ್ತಿದ್ದೀರಿ. ನಾಳೆ ಅದೇ ಹಾಳೆಯಲ್ಲಿ ‘ಕಣದಲ್ಲಿರುವ ಉಮೇದುವಾರರು’ ಅಂತ ಕಂಡರೆ ಓದಿದವರು ಏನು ತಿಳಿಯಬೇಕು? ಎರಡು ಪದ ಬೇಡ. ‘ನಾಮಪತ್ರ ಸಲ್ಲಿಸಿದವರು’, ‘ಕಣದಲ್ಲಿ ಉಳಿದವರು’. ಇವಕ್ಕೆ ಅರ್ಥ ಕೇಳುವವರು ಯಾರೂ ಇಲ್ಲ.

ಬೆಂಗಳೂರಿನಿಂದ:

‘ಕಣದಲ್ಲಿ ಉಳಿದವರು’ ಒಪ್ಪಿದೆ. ಕಣ ಅಪ್ಪಟ ನಮ್ಮದು. ಹಳಗನ್ನಡದ ಕಳ, ತಮಿಳಿನ ಕಳಂ. ರಾಗಿ ತುಳಿಸುವ ಜಾಗವೂ ಅದೇ, ಕಾಳಗದ ಜಾಗವೂ ಅದೇ. ಇದನ್ನು ಸಂಸ್ಕೃತದ ಕಣಕ್ಕೆ, ಅಂದರೆ ಹುಡಿ, ಕಾಳು ಎಂಬ ಅರ್ಥದ ಪದಕ್ಕೆ ತಂದು ಕಟ್ಟುವವರಿದ್ದಾರೆ. ಅದು ತಪ್ಪು, ಮೊದಲೇ ಹೇಳಿಬಿಡುತ್ತೇನೆ.

ಆದರೆ ಒಂದು ಮಾತಿಗೆ ಉತ್ತರ ಕೊಡಿ. ಚುನಾವಣೆ ಹಿಂದಿಯದ್ದು, ಠೇವಣಿ ಮರಾಠಿಯದ್ದು, ಉಮೇದುವಾರ ಪಾರಸಿಯದ್ದು, ಪಕ್ಷ ಸಂಸ್ಕೃತದ್ದು, ಟಿಕೆಟ್ ಇಂಗ್ಲಿಷಿನದ್ದು. ಒಂದು ಓಟಿಗೆ ಐದು ನುಡಿಗಳಿಂದ ಎರವಲು! ಠೇವಣಿ ಹೋದರೆ ಮಾತ್ರ ‘ಮುಟ್ಟುಗೋಲು’ ಅನ್ನುತ್ತೀರಿ. ಮುಟ್ಟುಗೋಲು ಕನ್ನಡದ ಕಟ್ಟಡ. ಅದು ಕಚೇರಿಯಲ್ಲಿ ನಡೆಯುತ್ತದೆ, ಕೋರ್ಟಿನಲ್ಲಿ ನಡೆಯುತ್ತದೆ, ಸಂತೆಯಲ್ಲೂ ಎಲ್ಲರಿಗೂ ತಿಳಿಯುತ್ತದೆ. ಹಣ ಕಿತ್ತುಕೊಳ್ಳುವುದಕ್ಕೆ ಕನ್ನಡ ಸಾಕು, ಹಣ ಕಟ್ಟುವುದಕ್ಕೆ ಸಾಲದೇ? ಯಾರೋ ಒಬ್ಬರು ಎಂದೋ ಅದನ್ನು ಕಡತದಲ್ಲಿ ಮೊದಲು ಬರೆದರು, ಅದಕ್ಕೇ ಉಳಿಯಿತು. ಇಡುಗಂಟನ್ನೂ ಯಾರಾದರೂ ಮೊದಲು ಬರೆಯಬೇಕಲ್ಲ. ಈ ಪುಸ್ತಕದಲ್ಲೇ ಬರೆಯಲಿ ಅಂತ ಕೇಳುತ್ತಿದ್ದೇನೆ. ಇದರಲ್ಲಿ ಹಟ ಏನಿದೆ?

ನಿವೃತ್ತ ಶಿರಸ್ತೇದಾರರು:

ಮುಟ್ಟುಗೋಲಿನ ಮಾತು ನಿಜ. ಅದಕ್ಕೆ ನನ್ನಲ್ಲಿ ಎದುರುತ್ತರ ಇಲ್ಲ.

ಇಡುಗಂಟಿನ ಮಾತು ಬೇರೆ. ಇಡುಗಂಟು ಅಂದರೆ ಕೂಡಿಟ್ಟ ದುಡ್ಡು. ದತ್ತಿಗೆ ಇಡುತ್ತಾರೆ, ಮಗಳ ಮದುವೆಗೆ ಇಡುತ್ತಾರೆ. ಅದು ಕರಗದೆ ಇರಲಿ ಅಂತಲೇ ಇಡುವುದು. ಚುನಾವಣೆಯ ಠೇವಣಿ ಹಾಗಲ್ಲ. ಬಿದ್ದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರದೆ ಸೋತರೆ ಹೋಯಿತು. ಹೋಗಬಹುದು ಅನ್ನುವ ಭಯ ಇರಲಿ ಅಂತಲೇ ಅದನ್ನು ಇಟ್ಟದ್ದು. ಭಯ ಸಾಲದೇ ಹೋದಾಗ ಏನಾಯಿತು ಅಂತ ಬೆಳಗಾವಿಯವರನ್ನು ಕೇಳಿ. 1996ರಲ್ಲಿ ಅಲ್ಲಿ ಒಂದೇ ಲೋಕಸಭಾ ಕ್ಷೇತ್ರಕ್ಕೆ 456 ಜನ ಕಣದಲ್ಲಿದ್ದರು. ಆಗ ಠೇವಣಿ ಬರೀ 500 ರೂಪಾಯಿ. ಅದೇ ವರ್ಷ ಕಾನೂನು ತಿದ್ದಿ 10,000 ಮಾಡಿದರು. ಈಗ 25,000. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ 12,500. ‘ಠೇವಣಿ ಕಳಕೊಂಡ’ ಅಂದರೆ ಊರಿಗೆಲ್ಲ ಅರ್ಥವಾಗುತ್ತದೆ, ಸೋಲಿನಲ್ಲೂ ಅದು ದೊಡ್ಡ ಸೋಲು ಅಂತ. ‘ಇಡುಗಂಟು ಕಳಕೊಂಡ’ ಅಂದರೆ ಮನೆಗೆ ಕಳ್ಳ ನುಗ್ಗಿದ ಅಂದುಕೊಳ್ಳುತ್ತಾರೆ.

ಬೆಂಗಳೂರಿನಿಂದ:

ಪದದ ಅರ್ಥ ಬಳಕೆಯಿಂದ ಬೆಳೆಯುತ್ತದೆ. ಬಳಸಲು ಬಿಡದೆ ಅರ್ಥ ಹೊಂದುವುದಿಲ್ಲ ಅಂದರೆ ಹೇಗೆ? ಈ ಓಲೆಸರಣಿಯಲ್ಲಿ ಎಲ್ಲ ಮಾತೂ ಹೀಗೇ ಮುಗಿಯುತ್ತದೆ. ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ಧಾರವಾಡದಿಂದ:

ನಿಲ್ಲಿಸಬೇಡಿ ಸರ್. ‘ಆಣೆಯೋಲೆ’ ನನಗೆ ಹಿಡಿಸಿತು. ಇವತ್ತಿನ ಗೋಡೆಹಾಳೆಗೆ ಅದು ಬೇಡ, ಆದರೆ ಪಾಠದಲ್ಲಿ, ಕತೆಯಲ್ಲಿ ಬಳಸಿದರೆ ಹತ್ತು ವರ್ಷದಲ್ಲಿ ಕಿವಿಗೆ ಒಗ್ಗುತ್ತದೆ. ನಾಮಪತ್ರ ಕೊಡುವ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಕೈಯಲ್ಲಿ ಕಾಗದ ಹಿಡಿದು ನಿಂತವರ ಮೇಲೆ ಹೊಸ ಪದ ಪ್ರಯೋಗ ಮಾಡುವುದು ಬೇಡ ಅಂತಷ್ಟೇ ನನ್ನ ಮಾತು.

ತುಮಕೂರಿನ ಅನುವಾದಕಿ:

ಎಲ್ಲರಿಗೂ ಧನ್ಯವಾದ. ಗೋಡೆಹಾಳೆಗೆ ಹೀಗೆ ಹಾಕುತ್ತಿದ್ದೇನೆ: ‘ಸೂಚಕರು – ನಿಮ್ಮ ಹೆಸರು ಸೂಚಿಸಿ ಸಹಿ ಮಾಡುವ ಹತ್ತು ಮತದಾರರು’, ‘ಅಫಿಡವಿಟ್ – ನಮೂನೆ 26’, ‘ನಾಮಪತ್ರ ಸಲ್ಲಿಸಿದವರು’, ‘ಕಣದಲ್ಲಿ ಉಳಿದವರು’. ಠೇವಣಿ ಠೇವಣಿಯಾಗಿಯೇ ಇರುತ್ತದೆ. ಪುಸ್ತಕದ ಮುನ್ನುಡಿಯಲ್ಲಿ ಒಂದು ಕಡೆ ಹುರಿಯಾಳು ಬಳಸುತ್ತೇನೆ. ಅದು ನನಗೂ ಇಷ್ಟದ ಪದ.

ನಿವೃತ್ತ ಶಿರಸ್ತೇದಾರರು:

ಸೂಚಕರ ಸಾಲಿಗೆ ಎರಡು ಪದ ಸೇರಿಸಿ, ಮೇಡಂ: ‘ಅದೇ ಕ್ಷೇತ್ರದ’. ಲೋಕಸಭೆಗೆ ನಿಲ್ಲುವವರು ಬೇರೆ ಕ್ಷೇತ್ರದ ಮತದಾರರಾಗಿದ್ದರೂ ನಡೆಯುತ್ತದೆ. ಸೂಚಕರು ಹಾಗಿರುವಂತಿಲ್ಲ. ನಿಮ್ಮ ಜಿಲ್ಲೆಯಲ್ಲೇ ಇದು ಎಡವಟ್ಟಾಗುತ್ತದೆ. ಕುಣಿಗಲ್ ತುಮಕೂರು ಜಿಲ್ಲೆಯೇ, ಆದರೆ ಅಲ್ಲಿಯ ಮತದಾರರು ಬೆಂಗಳೂರು ಗ್ರಾಮಾಂತರ ಕ್ಷೇತ್ರದವರು. ಶಿರಾ, ಪಾವಗಡದವರು ಚಿತ್ರದುರ್ಗದವರು. ತುಮಕೂರಿನಿಂದ ನಿಲ್ಲುವ ಪಕ್ಷೇತರರೊಬ್ಬರು ಹತ್ತರಲ್ಲಿ ಒಬ್ಬ ಕುಣಿಗಲ್ ನೆಂಟರ ಸಹಿ ಹಾಕಿಸಿದರೆ ಉಳಿಯುವುದು ಒಂಬತ್ತೇ. ಪರಿಶೀಲನೆಯ ದಿನ ಅದು ಗೊತ್ತಾದರೆ ಹೊಸ ಸೂಚಕರನ್ನು ಸೇರಿಸಲು ಬರುವುದಿಲ್ಲ. ‘ಅದೇ ಕ್ಷೇತ್ರದ’ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.