ಪದಚರ್ಚೆ: ಅಪೂರ್ಣವೋ, ಅಸಮಾಪ್ತವೋ? (ಬ್ರುಕ್ನರ್‌ನ ಒಂಬತ್ತನೆಯ ಸಿಂಫನಿ)

ಬಳಗದ ಎಲ್ಲರಿಗೂ ನಮಸ್ಕಾರ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವ ಸಣ್ಣ ಗುಂಪೊಂದಕ್ಕಾಗಿ ಆಸ್ಟ್ರಿಯಾದ ಸಂಗೀತರಚನಕಾರ ಆಂಟನ್ ಬ್ರುಕ್ನರ್‌ನ ಒಂಬತ್ತನೆಯ ಸಿಂಫನಿಯ (ವಾದ್ಯವೃಂದಕ್ಕಾಗಿ, ಸಾಮಾನ್ಯವಾಗಿ ನಾಲ್ಕು ಭಾಗಗಳಲ್ಲಿ ಬರೆಯುವ ದೀರ್ಘ ಕೃತಿ) ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ಪದವೊಂದು ತಡೆದು ನಿಲ್ಲಿಸಿದೆ. ಕೃತಿ ಮುಗಿಯುವ ಮೊದಲೇ ಬ್ರುಕ್ನರ್ ತೀರಿಕೊಂಡ. ಇಂಥದ್ದಕ್ಕೆಲ್ಲ ರೂಢಿಯಲ್ಲಿ ‘ಅಪೂರ್ಣ’ ಎಂದುಬಿಡುತ್ತೇವೆ. ಶೂಬರ್ಟ್ 1822ರಲ್ಲಿ ಎರಡು ಭಾಗ ಬರೆದು ಕೈಬಿಟ್ಟ ಸಿಂಫನಿಗೂ ಅದೇ ಮಾತು, ಮಾಹ್ಲರ್‌ನ ಹತ್ತನೆಯದಕ್ಕೂ ಅದೇ. ಆದರೆ ಬ್ರುಕ್ನರ್‌ನನ್ನು ಕೇಳುತ್ತ ಹೋದಷ್ಟೂ ಈ ಪದ ಅವನಿಗೆ ಸಲ್ಲದು ಎಂಬ ಅನಿಸಿಕೆ ಗಟ್ಟಿಯಾಗುತ್ತಿದೆ. ಬಲ್ಲವರ ಅಭಿಪ್ರಾಯ ಬೇಕು.

ಮೊದಲು ಕೃತಿಯ ಸ್ಥಿತಿಗತಿ. 1887ರಲ್ಲಿ ಬ್ರುಕ್ನರ್ ಇದಕ್ಕೆ ಕೈಹಾಕಿದ. ಅದೇ ವರ್ಷ ಅವನ ಎಂಟನೆಯ ಸಿಂಫನಿಯನ್ನು ವಾದ್ಯವೃಂದ ನಿರ್ದೇಶಕ ಹರ್ಮನ್ ಲೆವಿ ಒಪ್ಪದೆ ಹೋದದ್ದರಿಂದ, ಅದನ್ನೂ ಬೇರೆ ಹಳೆಯ ಸಿಂಫನಿಗಳನ್ನೂ ತಿದ್ದುವುದರಲ್ಲೇ ವರ್ಷಗಳು ಸಂದುಹೋದವು. ಮೂರನೆಯದಾದ, ನಿಧಾನಗತಿಯ ‘ಅಡಾಜಿಯೊ’ ಭಾಗ ಮುಗಿದದ್ದು 1894ರ ನವೆಂಬರ್ 30ರಂದು. ನಾಲ್ಕನೆಯ ಭಾಗಕ್ಕೆ ದುಡಿಯುತ್ತಿರುವಾಗಲೇ, 1896ರ ಅಕ್ಟೋಬರ್ 11ರಂದು, ವಿಯೆನ್ನಾದ ಬೆಲ್ವೆಡೇರ್ ಅರಮನೆಯ ಆವರಣದಲ್ಲಿದ್ದ ಮನೆಯಲ್ಲಿ ತೀರಿಕೊಂಡ. ಅಂದರೆ ಮೊದಲ ಮೂರು ಭಾಗಗಳಲ್ಲಿ ಒಂದು ಸ್ವರವೂ ಬಾಕಿಯಿಲ್ಲ. ಒಂದು ಗಂಟೆಯಷ್ಟು ಕಾಲ ನಾವು ಕೇಳುವುದೆಲ್ಲ ಕರ್ತೃ ಕೈಯಾರೆ ಮುಗಿಸಿಕೊಟ್ಟದ್ದು.

ಅಡಾಜಿಯೊ ಆರಂಭವಾಗುವ ರೀತಿಯನ್ನೇ ನೋಡಿ. ಬೇರೆ ಯಾವ ವಾದ್ಯದ ಆಸರೆಯೂ ಇಲ್ಲದೆ ಪಿಟೀಲುಗಳು ಒಂದು ಸ್ವರ ಹಿಡಿದು, ಅಲ್ಲಿಂದ ಸ್ಥಾಯಿಯೊಂದನ್ನೇ ದಾಟಿ ಮೇಲಕ್ಕೆ ಹಾರುತ್ತವೆ. ಆ ಭಾಗದ ಆಧಾರಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಇದು ಪಂಚಮದಿಂದ ಮೇಲಿನ ಶುದ್ಧ ಧೈವತಕ್ಕೆ ಹಾರಿದ ಹಾಗೆ. ಪಕ್ಕದ ಸ್ವರವನ್ನು ಇಷ್ಟು ದೂರಕ್ಕೆ ಎಸೆದಿರುವುದರಿಂದಲೇ ಆ ಯಾತನೆ. ಇಪ್ಪತ್ತು ನಿಮಿಷ ಕಳೆದ ಮೇಲೆ, ಕೊನೆಯ ಏರಿನಲ್ಲಿ, ಇಡೀ ವಾದ್ಯವೃಂದ ಒಂದು ಘೋರ ಸ್ವರಮೇಳದ ಮೇಲೆ ಬಂದು ನಿಲ್ಲುತ್ತದೆ. ಕರ್ನಾಟಕ ಸಂಗೀತದ ಕಿವಿಯವರಿಗೆ ಹೇಳಬೇಕೆಂದರೆ, ಕೀರವಾಣಿ ರಾಗದ ಏಳೂ ಸ್ವರಗಳು ಏಕಕಾಲಕ್ಕೆ, ಎಷ್ಟು ಜೋರಾಗಿ ಸಾಧ್ಯವೋ ಅಷ್ಟು ಜೋರಾಗಿ. ಅದರ ಬೆನ್ನಿಗೇ ಪೂರ್ತಿ ಮೌನ. ಆಮೇಲೆ ಸಂಗೀತ ಮೆಲ್ಲನೆ ಇಳಿದು, ಹಾರ್ನ್ ಮತ್ತು ಟ್ಯೂಬಾ ಎಂಬ ಹಿತ್ತಾಳೆಯ ಊದುವಾದ್ಯಗಳು ಹಿಡಿದ ದೀರ್ಘ ಸ್ವರಮೇಳದಲ್ಲಿ ತಣಿಯುತ್ತದೆ. ಇದನ್ನು ಕೇಳಿದವರ ಮುಂದೆ ‘ಅಪೂರ್ಣ’ ಎಂಬ ಪದ ಇಡುವುದು ಹೇಗೆ? ಪೂರ್ಣ ಎಂದರೆ ತುಂಬಿದ್ದು. ಪೂರ್ಣಕುಂಭ, ಪೂರ್ಣಿಮೆ ಎನ್ನುವಾಗಿನ ಅರ್ಥ ಅದೇ. ಇಲ್ಲಿ ತುಂಬದೆ ಉಳಿದದ್ದು ಯಾವುದೂ ಕಿವಿಗೆ ಸಿಗುವುದಿಲ್ಲ.

ಹಾಗಾದರೆ ಮೂರು ಭಾಗಗಳಿಗೇ ಕೃತಿ ಮುಗಿಯಿತು ಎನ್ನೋಣವೇ? ಹಾಗೆನ್ನುವವರು ಬಹಳ ಮಂದಿ ಇದ್ದಾರೆ, ನಾನು ಒಪ್ಪಲಾರೆ. ನಾಲ್ಕನೆಯ ಭಾಗ ಕೈಗೂಡದಿದ್ದರೆ ತನ್ನದೇ ‘ತೆ ದೇಉಮ್’ ಎಂಬ ಸ್ತೋತ್ರಗಾಯನವನ್ನು ಕೊನೆಗೆ ಹಾಡಿಸಿ ಎಂದು ಬ್ರುಕ್ನರನೇ ಸೂಚಿಸಿದ್ದ. 1903ರಲ್ಲಿ ವಿಯೆನ್ನಾದಲ್ಲಿ ಫರ್ಡಿನಾಂಡ್ ಲೋವೆ ಮೊದಲ ಬಾರಿಗೆ ಸಿಂಫನಿಯನ್ನು ನುಡಿಸಿದಾಗ ಹಾಗೆಯೇ ಮಾಡಿದ. ಕೃತಿ ಅಲ್ಲಿಗೆ ಮುಗಿದಿಲ್ಲ ಎಂಬುದಕ್ಕೆ ಕಿವಿಗೂ ಸಾಕ್ಷಿ ಸಿಗುತ್ತದೆ. ಸಿಂಫನಿಯ ಆಧಾರಸ್ವರವನ್ನು ಷಡ್ಜ ಎಂದುಕೊಂಡರೆ ಅಡಾಜಿಯೊ ಹೋಗಿ ನೆಲೆಸುವುದು ರಿಷಭದಲ್ಲಿ. ಎಷ್ಟೇ ಶಾಂತವಾಗಿದ್ದರೂ ಅದು ಹೊರಟ ಜಾಗವಲ್ಲ.

ಆದ್ದರಿಂದ ನನ್ನ ಒಲವು ‘ಅಸಮಾಪ್ತ’ದ ಕಡೆಗೆ. ಸಮಾಪ್ತಿ ಎಂದರೆ ಕೊನೆಮುಟ್ಟುವುದು. ಇದ್ದಷ್ಟೂ ತುಂಬಿದೆ, ಕೊನೆ ಮಾತ್ರ ಇಲ್ಲ ಎಂಬುದನ್ನು ಈ ಪದ ಹೇಳುತ್ತದೆ.

ಮಾಹ್ಲರ್‌ನ ಹತ್ತನೆಯದನ್ನು ಪಕ್ಕಕ್ಕಿಟ್ಟರೆ ಎರಡು ಪದಗಳ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. 1910ರ ಬೇಸಿಗೆಯಲ್ಲಿ ಅವನು ಐದೂ ಭಾಗಗಳ ಕರಡನ್ನು ಮೊದಲಿನಿಂದ ಕೊನೆಯವರೆಗೆ ಎಳೆ ಕಡಿಯದಂತೆ ಬರೆದಿಟ್ಟ. 1911ರ ಮೇ 18ರಂದು ತೀರಿಕೊಂಡ. ಕೊನೆಯ ಸ್ವರದವರೆಗೂ ದಾರಿ ಇದೆ. ಆದರೆ ಮೊದಲ ಎರಡು ಭಾಗಗಳು ಮತ್ತು ಮೂರನೆಯದರ ಆರಂಭ ಬಿಟ್ಟರೆ ವಾದ್ಯಗಳ ವಿಂಗಡಣೆ ಆಗಿಲ್ಲ, ಎಷ್ಟೋ ಕಡೆ ಮೇಲಿನ ರಾಗದ ಒಂದೇ ಗೆರೆ ಇದೆ, ಕೆಳಗೆ ಖಾಲಿ. ಇದು ನಿಜಕ್ಕೂ ಅಪೂರ್ಣ, ಆದರೆ ಅಸಮಾಪ್ತವಲ್ಲ. ಇಂಗ್ಲೆಂಡಿನ ಡೆರಿಕ್ ಕುಕ್ ಆ ಕರಡನ್ನು ನುಡಿಸಲು ಬರುವಂತೆ ಅಣಿಗೊಳಿಸಿದ, 1964ರಲ್ಲಿ ಲಂಡನ್ನಿನಲ್ಲಿ ಅದು ಇಡಿಯಾಗಿ ಕೇಳಿಬಂತು. ತಾನು ಸಿಂಫನಿಯನ್ನು ಪೂರ್ಣಗೊಳಿಸಿದ್ದೇನೆ ಎಂದು ಅವನು ಹೇಳಿಕೊಳ್ಳಲಿಲ್ಲ. ಕರಡಿನ ಪ್ರಯೋಗಯೋಗ್ಯ ರೂಪ ಮಾತ್ರ ಎಂದೇ ಪಟ್ಟುಹಿಡಿದ. ಆ ಎಚ್ಚರ ನನಗೆ ತುಂಬ ಗೌರವ ತರಿಸುತ್ತದೆ. ಕನ್ನಡದಲ್ಲಿ ಇದಕ್ಕೆ ‘ನುಡಿಸಾಣಿಕೆಯ ಪ್ರತಿ’ ಎಂದರೆ ಸಾಕೇ? ‘ಪಾಠ’ ಎಂದು ಬರೆಯಲು ಕೈ ಬರುತ್ತಿಲ್ಲ. ಸಂಗೀತದಲ್ಲಿ ಪಾಠಾಂತರ ಎಂದೊಡನೆ ಗುರುಪರಂಪರೆಯಿಂದ ಬಂದ ಹಾಡಿಕೆ ನೆನಪಾಗುತ್ತದೆ.

ಬ್ರುಕ್ನರ್‌ನ ನಾಲ್ಕನೆಯ ಭಾಗದ ಮಾತೇ ಬೇರೆ. ಅದರ ಸಾಕಷ್ಟು ಹಾಳೆಗಳು ಸಿದ್ಧವಾಗಿದ್ದವು, ಕೆಲವು ವಾದ್ಯವಿಂಗಡಣೆಯೂ ಸೇರಿದಂತೆ. ಅವನು ಸತ್ತ ಮೇಲೆ ಹಾಳೆಗಳು ಚದುರಿ, ಕೆಲವು ಕಳೆದೇಹೋದವು. ಇಲ್ಲಿ ನಮ್ಮ ಹಸ್ತಪ್ರತಿ ಸೂಚಿಗಳ ‘ಅಸಮಗ್ರ’ ಎಂಬ ಪದ ಒಪ್ಪುತ್ತದೆ. ಗರಿಗಳು ಕಳೆದುಹೋದ ಓಲೆಪ್ರತಿಗೆ ಸೂಚಿಕಾರರು ಬಳಸುವ ಪದ ಅದು. ದೋಷ ಪ್ರತಿಯದು, ಕೃತಿಯದಲ್ಲ. ಸಿಕ್ಕಿದ ಹಾಳೆಗಳನ್ನು ಜೋಡಿಸಿ, ನಡುವಣ ತೆರಪುಗಳನ್ನು ತುಂಬಿ ನಾಲ್ವರು ವಿದ್ವಾಂಸರು ಸಿದ್ಧಪಡಿಸಿದ ರೂಪವನ್ನು 2012ರಲ್ಲಿ ಸೈಮನ್ ರ್‍ಯಾಟಲ್ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ನುಡಿಸಿದ್ದಾನೆ. ಕೇಳಲೇಬೇಕಾದದ್ದು, ಆದರೆ ಅಡಾಜಿಯೊ ಆದಮೇಲೆ ಒಂದು ದಿನ ಬಿಟ್ಟು ಕೇಳಿ ಎಂದು ನಮ್ಮ ಗುಂಪಿನವರಿಗೆ ಹೇಳಲಿದ್ದೇನೆ.

‘ಮುಗಿಯದ’ ಎಂದು ಅಚ್ಚಗನ್ನಡದಲ್ಲಿ ಹೇಳಬಾರದೇಕೆ ಎಂದು ಯಾರಾದರೂ ಕೇಳಬಹುದು. ಮುಗಿಯದ ಗೋಳು, ಮುಗಿಯದ ಕಥೆ ಎನ್ನುವಲ್ಲಿ ಅದಕ್ಕೆ ಕೊನೆಯೇ ಇಲ್ಲದ್ದು ಎಂಬ ಅರ್ಥ ಅಂಟಿಕೊಂಡಿದೆ. ‘ಅರ್ಧಕ್ಕೆ ನಿಂತ’ ಚೆನ್ನಾಗಿದೆ, ಆದರೆ ಹೆಸರಿನ ಮುಂದೆ ವಿಶೇಷಣವಾಗಿ ಉದ್ದವಾಯಿತು. ಶೂಬರ್ಟ್‌ಗಾದರೆ ‘ಅರ್ಧಕ್ಕೆ ಬಿಟ್ಟ’ ಎನ್ನಬೇಕು. ಆಮೇಲೆ ಆರು ವರ್ಷ ಬದುಕಿದ್ದವನು ಅವನು.

ಇದನ್ನೆಲ್ಲ ಯೋಚಿಸುವಾಗ ಹಳಗನ್ನಡದ ನೇಮಿಚಂದ್ರ ನೆನಪಾದ. ಅವನ ನೇಮಿನಾಥಪುರಾಣ ನಡುವೆಯೇ ನಿಂತಿತು, ಜನ ಅದನ್ನು ‘ಅರ್ಧನೇಮಿ’ ಎಂದು ಕರೆದರು. ದೂರುವ ದನಿಯಿಲ್ಲದ, ಎಷ್ಟು ಇದೆಯೋ ಅಷ್ಟನ್ನೇ ಹಿಡಿದು ಕೊಟ್ಟ ಹೆಸರು. ಇನ್ನು ಕುಮಾರವ್ಯಾಸ ಹತ್ತೇ ಪರ್ವ ಬರೆದದ್ದು. ಉಳಿದವನ್ನು ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಲ್ಲಿ ಬರೆದ. ಗದುಗಿನ ಭಾರತವನ್ನು ಅಪೂರ್ಣ ಎಂದು ಕರೆದ ಓದುಗರನ್ನು ನಾನು ಕಂಡಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ‘ಅಸಮಾಪ್ತ’ ನಿಮ್ಮ ಕಿವಿಗೆ ಸಹಜವಾಗಿ ಕೇಳುತ್ತದೆಯೇ, ಇಲ್ಲ ಬರಿಯ ನಿಘಂಟಿನ ಪದ ಅನ್ನಿಸುತ್ತದೆಯೇ? ಹಳೆಯ ಪತ್ರಿಕೆಗಳಲ್ಲೋ ಗ್ರಂಥಸಂಪಾದಕರ ಮುನ್ನುಡಿಗಳಲ್ಲೋ ಅಪೂರ್ಣ ಮತ್ತು ಅಸಮಾಪ್ತ ಎರಡನ್ನೂ ಬೇರೆ ಬೇರೆ ಅರ್ಥದಲ್ಲಿ ಬಳಸಿದ ಪ್ರಯೋಗ ಕಂಡವರು ವಾಕ್ಯಸಮೇತ ತಿಳಿಸಿದರೆ ಉಪಕಾರವಾಗುತ್ತದೆ. ಅರ್ಧನೇಮಿಯ ಜಾಡಿನಲ್ಲಿ ಇದಕ್ಕಿಂತ ಚಿಕ್ಕ ಪದ ಹೊಳೆದರೆ ಅದನ್ನೂ ಬರೆಯಿರಿ.