ಪದವಿ ಕಾಲೇಜಿನ ಕ್ರೀಡಾ ಕೌಶಲ ಕೋರ್ಸ್: ಯಾವ ಆಟ ಕಲಿಸಬೇಕು, ಅಂಕ ಹೇಗೆ ಕೊಡಬೇಕು?

ಪ್ರಶ್ನೆ: ದೈಹಿಕ ಶಿಕ್ಷಣ ನಿರ್ದೇಶಕಿ, ತಾಲ್ಲೂಕು ಕೇಂದ್ರದ ಪದವಿ ಕಾಲೇಜು

ಎಲ್ಲರಿಗೂ ನಮಸ್ಕಾರ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯದ ಪದವಿ ತರಗತಿಗಳಿಗೆ ಬಂದಾಗ ಯೋಗಕ್ಕೂ ಕ್ರೀಡೆಗೂ ಕ್ರೆಡಿಟ್ ದೊರೆಯಿತು. 2024-25ರಲ್ಲಿ ಮೂರು ವರ್ಷದ ಪದವಿಗೆ ಮರಳಿದ ಮೇಲೂ, ಕಾಲೇಜು ತಂಡದಲ್ಲಿ ಆಡುವ ಬೆರಳೆಣಿಕೆಯ ಮಕ್ಕಳಿಗಷ್ಟೇ ಅಲ್ಲದೆ ಎಲ್ಲ ವಿದ್ಯಾರ್ಥಿಗಳಿಗೂ ಒಂದು ಆಟವನ್ನಾದರೂ ಕ್ರಮವಾಗಿ ಕಲಿಸಬೇಕೆಂಬುದು ನನ್ನ ಹಂಬಲ. ನಮ್ಮ ಮೈದಾನ ಚಿಕ್ಕದು. ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಪ್ರೌಢಶಾಲೆಯ ನಂತರ ಚೆಂಡು ಮುಟ್ಟಿದವರಲ್ಲ. ಒಂದು ಸೆಮಿಸ್ಟರಿಗೆ ಯಾವ ಆಟ ಸೂಕ್ತ? ಪಳಗಿದ ಆಟಗಾರ್ತಿಯರನ್ನೂ ಹೊಸಬರನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ ಅಂಕ ನೀಡುವ ನ್ಯಾಯವಾದ ಕ್ರಮ ಯಾವುದು?

ಉತ್ತರ 1: ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ

ಮೇಡಂ, ಥ್ರೋಬಾಲ್‌ನಿಂದ ಆರಂಭಿಸಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ವಾಲಿಬಾಲ್‌ನಲ್ಲಿ ಹೊಸಬರ ಮುಂಗೈಗೆ ಬಡಿದ ಚೆಂಡು ಎತ್ತಲೋ ಹಾರುವುದರಿಂದ ಮೊದಲ ವಾರಗಳ ಅವಧಿಯೆಲ್ಲ ಚೆಂಡು ಹೆಕ್ಕಿ ತರುವುದರಲ್ಲೇ ಮುಗಿಯುತ್ತದೆ, ನಾಚಿಕೊಂಡವರು ಮತ್ತೆ ಅಂಕಣಕ್ಕೆ ಇಳಿಯುವುದಿಲ್ಲ. ಥ್ರೋಬಾಲ್‌ನಲ್ಲಿ ಚೆಂಡನ್ನು ಎರಡೂ ಕೈಗಳಿಂದ ಹಿಡಿದು, ಮೂರು ಸೆಕೆಂಡುಗಳೊಳಗೆ ಭುಜದ ಮೇಲಿನಿಂದ ಒಂದೇ ಕೈಯಲ್ಲಿ ಎಸೆಯಬೇಕಾದ್ದರಿಂದ ಮೊದಲ ದಿನವೇ ಆಟ ಆಟವಾಗಿ ನಡೆಯುತ್ತದೆ. 18.30 ಮೀಟರ್ ಉದ್ದ, 12.20 ಮೀಟರ್ ಅಗಲದ ಅಂಕಣ ಸಾಕು, ಒಂದೊಂದು ಬದಿಗೆ ಏಳು ಜನ ಆಡಬಹುದು. ಇದರ ಬಲೆಯ ಎತ್ತರ 2.20 ಮೀಟರ್, ಮಹಿಳೆಯರ ವಾಲಿಬಾಲ್‌ನದು 2.24 ಮೀಟರ್. ಆದ್ದರಿಂದ ಕೈ ಪಳಗಿದ ಮೇಲೆ ಅದೇ ಕಂಬ, ಅದೇ ಬಲೆಯಲ್ಲಿ ವಾಲಿಬಾಲ್‌ಗೆ ದಾಟಬಹುದು.

ಖೋಖೋ ಆಟಕ್ಕೆ ಎರಡು ಕಂಬ ಬಿಟ್ಟರೆ ಬೇರೆ ಸಾಮಗ್ರಿ ಬೇಡ ಎಂಬುದು ನಿಜ. ಆದರೆ 27 ಮೀಟರ್ ಉದ್ದ, 16 ಮೀಟರ್ ಅಗಲದ ನೆಲವನ್ನು ಕಲ್ಲು ಆರಿಸಿ, ಮಣ್ಣು ಸಡಿಲಿಸಿ ಹದಗೊಳಿಸದೆ ಯಾರಿಗೂ ಡೈವ್ ಕಲಿಸಬೇಡಿ.

ಉತ್ತರ 2: ದೈಹಿಕ ಶಿಕ್ಷಣ ಉಪನ್ಯಾಸಕ

ಪ್ರಗತಿಯನ್ನು ನೋಡಿ ಅಂಕ ಕೊಡಬೇಕೆಂದು ಹಲವರು ಸಲಹೆ ನೀಡುತ್ತಾರೆ. ಅದರ ಆಶಯವನ್ನು ಗೌರವಿಸುತ್ತೇನೆ, ಆದರೆ ಅದೊಂದನ್ನೇ ನಂಬುವುದು ಸರಿಯಲ್ಲ. ಮೊದಲ ಪರೀಕ್ಷೆಯಲ್ಲಿ ಬೇಕೆಂದೇ ಕಳಪೆಯಾಗಿ ಆಡಿದವರಿಗೆ ಲಾಭವಾಗುತ್ತದೆ, ಮೊದಲೇ ಚೆನ್ನಾಗಿ ಆಡುವವರಿಗೆ ಏರಲು ಮೆಟ್ಟಿಲೇ ಉಳಿದಿರುವುದಿಲ್ಲ. ಅದಕ್ಕೆ ಬದಲಾಗಿ ಎಲ್ಲರಿಗೂ ತಲುಪಲು ಸಾಧ್ಯವಿರುವ ಗುರಿಯೊಂದನ್ನು ಸೆಮಿಸ್ಟರಿನ ಆರಂಭದಲ್ಲೇ ಪ್ರಕಟಿಸಿ: ಹತ್ತು ಸರ್ವ್‌ಗಳಲ್ಲಿ ಆರು ಎದುರಿನ ಅಂಕಣದೊಳಗೆ ಬೀಳಬೇಕು ಎಂಬಂಥದ್ದು. ಗುರಿ ಮುಟ್ಟದವರಿಗೆ ಮತ್ತೆ ಮತ್ತೆ ಅವಕಾಶ ಕೊಡಿ. ಪಳಗಿದವರಿಗೆ ಅಂಕಣದ ಮೂಲೆಗೆ ಗುರುತು ಹಾಕಿ ಗುರಿಯನ್ನು ಕಠಿಣಗೊಳಿಸಬಹುದು.

ಇನ್ನೊಂದು ಪಾಲು ಅಂಕವನ್ನು ನಿರ್ಣಾಯಕತ್ವಕ್ಕೆ ಮೀಸಲಿಡಿ. ವಿಸಿಲ್ ಹಿಡಿದು ಒಂದು ಸೆಟ್ ನಡೆಸಿಕೊಟ್ಟು, ತನ್ನ ತೀರ್ಪಿಗೆ ನಿಯಮದ ಕಾರಣ ಹೇಳಬಲ್ಲ ವಿದ್ಯಾರ್ಥಿನಿ ಆ ಆಟವನ್ನು ನಿಜವಾಗಿ ಕಲಿತಿದ್ದಾಳೆ. ಊರಿಗೆ ಹೋದ ಮೇಲೆ ಇತರರನ್ನು ಸೇರಿಸಿ ಆಡಿಸಬಲ್ಲವಳೂ ಅವಳೇ.

ಉತ್ತರ 3: ಹಳೆಯ ವಿದ್ಯಾರ್ಥಿನಿ

ಮೇಡಂ, ದಯವಿಟ್ಟು ಈ ತರಗತಿಯನ್ನು ವೇಳಾಪಟ್ಟಿಯ ನಡುವೆಯೇ ಇರಿಸಿ. ಸಂಜೆ ನಾಲ್ಕರ ನಂತರ ಇಟ್ಟರೆ ಹಳ್ಳಿಯ ಬಸ್ ಹಿಡಿಯಬೇಕಾದವರೆಲ್ಲ ತಪ್ಪಿಸಿಕೊಳ್ಳುತ್ತಾರೆ, ಅದನ್ನು ಆಸಕ್ತಿಯ ಕೊರತೆ ಎಂದು ಬರೆದುಕೊಳ್ಳುವುದು ಅನ್ಯಾಯ. ಬಟ್ಟೆ ಬದಲಿಸಲು ಚಿಲಕವಿರುವ ಒಂದು ಕೋಣೆ ಇದ್ದರೆ ಹಾಜರಾತಿ ತಾನಾಗಿಯೇ ಹೆಚ್ಚುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಥ್ರೋಬಾಲ್‌ನಿಂದಲೇ ಆರಂಭಿಸುತ್ತೇನೆ, ವೇಳಾಪಟ್ಟಿಯ ಬಗ್ಗೆ ಪ್ರಾಂಶುಪಾಲರೊಂದಿಗೆ ಮಾತನಾಡುತ್ತೇನೆ. ಉಬ್ಬಸದ ತೊಂದರೆ ಇರುವವರನ್ನು ಹೇಗೆ ಒಳಗೊಳ್ಳುವುದು ಎಂಬ ಚಿಂತೆ ಮಾತ್ರ ಉಳಿದಿದೆ.

ಉತ್ತರ 1ರ ಲೇಖಕರು:

ವೈದ್ಯರ ಸಲಹಾ ಪತ್ರ ತರಿಸಿಕೊಳ್ಳಿ, ಇನ್ಹೇಲರ್ ಅನ್ನು ಬ್ಯಾಗಿನಲ್ಲಿ ಬಿಡದೆ ಅಂಕಣದ ಪಕ್ಕದಲ್ಲೇ ಇಟ್ಟುಕೊಳ್ಳಲು ಹೇಳಿ, ಆಟಕ್ಕೆ ಮುನ್ನ ನಿಧಾನವಾಗಿ ಮೈ ಕಾಯಿಸಿಕೊಳ್ಳಲು ಅವರಿಗೆ ಹೆಚ್ಚು ಸಮಯ ಕೊಡಿ. ಸರ್ವ್, ಹಿಡಿತ, ಎಸೆತಗಳನ್ನು ಓಟವಿಲ್ಲದೆಯೇ ಅಭ್ಯಾಸ ಮಾಡಬಹುದು. ಆದ್ದರಿಂದ ಅವರನ್ನು ಕೇವಲ ಅಂಕ ಬರೆಯಲು ಕೂರಿಸಬೇಡಿ.